ಪಡಸಾಲೆಯ ಚಿತ್ರದಲ್ಲಿರುವ ಮೂವರು ಅರ್ಮೇನಿಯದ ವರ್ತಕರೇ? ಚಿತ್ರವನ್ನು ತೊಳೆಸಬಹುದೇ?

ಪ್ರಶ್ನೆ: ನಾವು ಮೂಲತಃ ಧಾರವಾಡದವರು, ಮೂರು ತಲೆಮಾರಿನಿಂದ ಚೆನ್ನೈನಲ್ಲಿ ನೆಲೆಸಿದ್ದೇವೆ. ನನ್ನ ಅಜ್ಜ ಮದ್ರಾಸಿನ ಹಳೆಯ ಬಂಗಲೆಯೊಂದರ ಸಾಮಾನು ಹರಾಜಾದಾಗ ಕೊಂಡುತಂದ ದೊಡ್ಡ ತೈಲಚಿತ್ರವೊಂದು ನಮ್ಮ ಪಡಸಾಲೆಯಲ್ಲಿದೆ. ಸುಮಾರು ನಾಲ್ಕಡಿ ಅಗಲ, ಮೂರಡಿ ಎತ್ತರ. ಚಿತ್ರದಲ್ಲಿ ಮೂವರು ಗಂಡಸರಿದ್ದಾರೆ. ನಡುವಿನ ಹಿರಿಯರು ಕುಳಿತು ಕಾಗದ ಹಿಡಿದಿದ್ದಾರೆ, ಎಡಗಡೆಯವರ ತೋಳಿನ ಮೇಲೆ ಮಡಿಸಿದ ರೇಷ್ಮೆ ಬಟ್ಟೆಯಿದೆ, ಬಲಗಡೆಯ ಯುವಕನ ಕೈಯಲ್ಲಿ ಸಣ್ಣ ತಕ್ಕಡಿ ಇದೆ. ಮೂವರಿಗೂ ದೊಡ್ಡ ಪೇಟ, ಪಾದದವರೆಗಿನ ನಿಲುವಂಗಿ, ಅಗಲವಾದ ನಡುಪಟ್ಟಿ. ಹಿರಿಯರ ಮೇಲಂಗಿಗೆ ತುಪ್ಪಳದ ಅಂಚಿದೆ. ಹಿನ್ನೆಲೆಯಲ್ಲಿ ಕಮಾನುಗಳ ಸೇತುವೆ ಕಾಣುತ್ತದೆ. ಕೆಳಮೂಲೆಯಲ್ಲಿ ಕೊಕ್ಕೆಕೊಕ್ಕೆಯಾದ ಅಕ್ಷರಗಳ ಒಂದು ಸಾಲಿದೆ; ಅದು ಉರ್ದುವಲ್ಲ, ಇಂಗ್ಲಿಷೂ ಅಲ್ಲ. ಹಿಂಬದಿಯಲ್ಲಿ ಸೀಮೆಸುಣ್ಣದ ಸಂಖ್ಯೆ ಮತ್ತು ಹರಿದ ಕಾಗದದ ಚೀಟಿ ಇವೆ. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ಇದನ್ನು 17ನೆಯ ಶತಮಾನದ ಅರ್ಮೇನಿಯನ್ ವರ್ತಕರ ಚಿತ್ರ, ಕೋಟಿ ಬೆಲೆಯದ್ದು ಎಂದರು. ಇನ್ನೊಬ್ಬರು, ಅರ್ಮೇನಿಯದವರು ಕ್ರೈಸ್ತರು, ಅವರು ಪೇಟ ಸುತ್ತುವುದಿಲ್ಲ, ಆದ್ದರಿಂದ ಇದು ನಕಲಿ ಎಂದರು. ಬಣ್ಣ ಕಂದಿದೆ, ಒಂದೆರಡು ಕಡೆ ಚಕ್ಕೆ ಎದ್ದಿದೆ. ಚೌಕಟ್ಟು ಹಾಕುವವರು ತೊಳೆದು, ಹಿಂದೆ ಹೊಸ ಬಟ್ಟೆ ಅಂಟಿಸಿಕೊಡುತ್ತೇನೆ ಎನ್ನುತ್ತಾರೆ. ಕತ್ತರಿಸಿದ ಆಲೂಗಡ್ಡೆಯಿಂದ ಉಜ್ಜಿದರೆ ಸಾಕು ಎನ್ನುವವರೂ ಮನೆಯಲ್ಲಿದ್ದಾರೆ. ಯಾರ ಮಾತು ನಂಬಲಿ, ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ: ಚಿತ್ರದಲ್ಲಿರುವವರು ಯಾರು, ಚಿತ್ರ ಎಷ್ಟು ಹಳೆಯದು, ಅದನ್ನು ಈಗ ತೊಳೆಸಬೇಕೇ. ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಚಿತ್ರವನ್ನು ಸದ್ಯಕ್ಕೆ ಯಾರಿಂದಲೂ ತೊಳೆಸಬೇಡಿ, ಹಿಂಬದಿಗೆ ಏನನ್ನೂ ಅಂಟಿಸಲು ಬಿಡಬೇಡಿ. ಮೊದಲೆರಡು ಪ್ರಶ್ನೆಗಳಿಗೆ ಬೇಕಾದ ಸಾಕ್ಷ್ಯವೆಲ್ಲ ಇರುವುದು ಆ ಅಕ್ಷರಗಳ ಸಾಲಿನಲ್ಲಿ, ಹಿಂಬದಿಯ ಚೀಟಿಯಲ್ಲಿ, ಬಟ್ಟೆಯ ಅಂಚಿನ ಮೊಳೆಗಳಲ್ಲಿ ಮತ್ತು ಬಣ್ಣದ ಪದರಗಳಲ್ಲಿ. ತೊಳೆಯುವ ಕೈ ಮತ್ತು ಅಂಟಿಸುವ ಕೈ ಮೊದಲು ಅಳಿಸುವುದು ಇವನ್ನೇ. ನಿಮ್ಮ ಇಬ್ಬರು ವ್ಯಾಪಾರಿಗಳೂ ಉಡುಪನ್ನು ನೋಡಿ ತೀರ್ಪು ಕೊಟ್ಟಿದ್ದಾರೆ. ಉಡುಪು ಹೇಳುವ ಸಾಕ್ಷ್ಯವಾದರೋ ಇವೆಲ್ಲಕ್ಕಿಂತ ದುರ್ಬಲವಾದದ್ದು.

ಕ್ರೈಸ್ತರು ಪೇಟ ಸುತ್ತುವುದಿಲ್ಲ ಎಂಬ ಮಾತು ಸುಳ್ಳು. ಅದು ಏಕೆ ಸುಳ್ಳು ಎಂದು ತಿಳಿಯಲು ಈ ವರ್ತಕರ ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ಅರಾಸ್ ನದಿಯ ದಡದಲ್ಲಿದ್ದ ಜುಲ್ಫಾ ಎಂಬ ಅರ್ಮೇನಿಯನ್ ಪಟ್ಟಣ 16ನೆಯ ಶತಮಾನದ ಹೊತ್ತಿಗೇ ರೇಷ್ಮೆ ವ್ಯಾಪಾರದಿಂದ ಸಿರಿವಂತವಾಗಿತ್ತು. ಆಟೋಮನ್ ತುರ್ಕರೊಡನೆ ಯುದ್ಧದಲ್ಲಿ ತೊಡಗಿದ್ದ ಪರ್ಷಿಯಾದ ಸಫವಿ ದೊರೆ ಶಾ ಅಬ್ಬಾಸ್ 1604–05ರಲ್ಲಿ ಆ ಪಟ್ಟಣವನ್ನು ಬರಿದು ಮಾಡಿಸಿ, ಅಲ್ಲಿನ ಜನರನ್ನು ಬಲವಂತವಾಗಿ ಒಳನಾಡಿಗೆ ಸಾಗಿಸಿದ. ದಾರಿಯಲ್ಲಿ ಬಹಳ ಜನ ಸತ್ತರು. ಉಳಿದ ವರ್ತಕ ಮನೆತನಗಳಿಗೆ ತನ್ನ ರಾಜಧಾನಿ ಇಸ್ಫಹಾನಿನ ಪಕ್ಕದಲ್ಲಿ, ಜಾಯಂದೆ ನದಿಯ ತೆಂಕಣ ದಡದಲ್ಲಿ ನೆಲ ಕೊಟ್ಟ. ಅದೇ ಹೊಸ ಜುಲ್ಫಾ. ಊರು ಕಳೆದುಕೊಂಡವರು ಎರಡು ತಲೆಮಾರಿನೊಳಗೆ ಪರ್ಷಿಯಾದ ರೇಷ್ಮೆಯನ್ನು ಅಲೆಪ್ಪೊ, ವೆನಿಸ್, ಲಿವೊರ್ನೊ, ಆಮ್‌ಸ್ಟರ್‌ಡ್ಯಾಂ, ಮಾಸ್ಕೊಗಳಿಗೂ, ನಮ್ಮ ಸೂರತ್, ಆಗ್ರಾ, ಮದ್ರಾಸುಗಳ ಸರಕನ್ನು ಪಡುವಣಕ್ಕೂ ಸಾಗಿಸುವ ಜಾಲ ಕಟ್ಟಿದರು ಎಂಬುದನ್ನು ನೆನೆದಾಗಲೆಲ್ಲ ಈ ಜನರ ಬಗ್ಗೆ ನನ್ನ ಗೌರವ ಹೆಚ್ಚುತ್ತದೆ.

ಈ ವ್ಯಾಪಾರದ ರೀತಿಯನ್ನು ತಿಳಿದರೆ ಅವರ ಉಡುಪಿನ ರೀತಿಯೂ ಅರ್ಥವಾಗುತ್ತದೆ. ಖೋಜಾ ಎಂದು ಕರೆಸಿಕೊಳ್ಳುತ್ತಿದ್ದ ದೊಡ್ಡ ಸಾಹುಕಾರ ಹೊಸ ಜುಲ್ಫಾದಲ್ಲೇ ಕುಳಿತು ಬಂಡವಾಳ ಹೂಡುತ್ತಿದ್ದ. ಅವನ ಗುಮಾಸ್ತೆ ಆ ಹಣ ಹಿಡಿದು ವರ್ಷಗಟ್ಟಲೆ ಪರದೇಶಗಳಲ್ಲಿ ಅಲೆದು, ಮರಳಿ ಬಂದು ಲೆಕ್ಕ ಒಪ್ಪಿಸಿ, ಲಾಭದಲ್ಲಿ ಒಂದು ಪಾಲು ಪಡೆಯುತ್ತಿದ್ದ. ಹೊವಾನ್ನೆಸ್ ಎಂಬ ಅಂಥ ಗುಮಾಸ್ತೆಯೊಬ್ಬನ ಲೆಕ್ಕದ ಪುಸ್ತಕ ಇಂದಿಗೂ ಲಿಸ್ಬನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. 1682ರಲ್ಲಿ ಹೊರಟ ಆತ ಸೂರತ್ತಿಗೆ ಬಂದು, ಆಗ್ರಾ ಸೀಮೆಯಲ್ಲಿ ನೀಲಿ ಮತ್ತು ಬಟ್ಟೆಯ ವ್ಯಾಪಾರ ಮಾಡಿ, ಅಲ್ಲಿಂದ ಹಿಮಾಲಯ ದಾಟಿ ಲಾಸಾದಲ್ಲಿ ಸುಮಾರು ಐದು ವರ್ಷ ನೆಲೆಸಿದ್ದ. ಇಂಥವರು ಎಲ್ಲಿ ಹೋದರೆ ಅಲ್ಲಿಯ ಬಟ್ಟೆ ತೊಡುತ್ತಿದ್ದರು. ಪರದೇಶದ ಸಂತೆಯಲ್ಲಿ ಕಣ್ಣಿಗೆ ಬೀಳದಿರುವುದು, ಸುಂಕದ ಕಟ್ಟೆಯಲ್ಲಿ ಗೌರವ ಪಡೆಯುವುದು, ದಾರಿಯಲ್ಲಿ ಕಳ್ಳರ ಕಣ್ಣು ತಪ್ಪಿಸುವುದು, ಇವೆಲ್ಲಕ್ಕೂ ಉಡುಪು ಬೇಕಾಗಿತ್ತು.

ಇಸ್ಫಹಾನಿನ ಅರ್ಮೇನಿಯನ್ ಸಾಹುಕಾರ ಪರ್ಷಿಯಾದ ಸಿರಿವಂತರ ಹಾಗೆಯೇ ಪೇಟ ಸುತ್ತಿ, ರೇಷ್ಮೆಯ ನಿಲುವಂಗಿ ತೊಟ್ಟು, ನಡುಪಟ್ಟಿ ಬಿಗಿದುಕೊಳ್ಳುತ್ತಿದ್ದ. ದೊರೆ ಗೌರವದ ಉಡುಗೊರೆಯಾಗಿ ಕೊಡುತ್ತಿದ್ದದ್ದೂ ಇಂಥ ನಿಲುವಂಗಿಯನ್ನೇ. ಆಟೋಮನ್ ಇಸ್ತಾಂಬುಲಿನಲ್ಲಿ ಯಾವ ಮತದವರು ಯಾವ ಬಣ್ಣದ ಜೋಡು ಮೆಟ್ಟಬೇಕೆಂಬುದಕ್ಕೂ ಕಟ್ಟಳೆಯಿತ್ತು. ಹಳದಿ ಜೋಡು ಮುಸ್ಲಿಮರದು, ಕೆಂಪು ಅರ್ಮೇನಿಯನ್ನರದು. ಪೋಲೆಂಡಿನಲ್ಲಿ ನೆಲೆಸಿದ ಅರ್ಮೇನಿಯನ್ನರು ಅಲ್ಲಿಯ ಕುಲೀನರ ಉದ್ದ ಅಂಗಿ ತೊಟ್ಟರಲ್ಲದೆ, 18ನೆಯ ಶತಮಾನದಲ್ಲಿ ಆ ಅಂಗಿಯ ಮೇಲೆ ಕಟ್ಟುವ ರೇಷ್ಮೆ ನಡುಪಟ್ಟಿಗಳನ್ನು ನೇಯುವ ಕಾರ್ಖಾನೆಗಳನ್ನೂ ನಡೆಸಿದರು. ಹೊಸ ಜುಲ್ಫಾದ ಶಹ್ರಿಮಾನ್ ಮನೆತನ ವೆನಿಸ್ಸಿಗೆ ಹೋಗಿ ಅಲ್ಲಿಯ ಶ್ರೀಮಂತರ ಸಾಲಿಗೇ ಸೇರಿತು. ಹೀಗಿರುವಾಗ ಆ ಕಾಲದ ಅರ್ಮೇನಿಯನ್ ವರ್ತಕನಿಗೆ ಒಂದೇ ‘ಸಾಂಪ್ರದಾಯಿಕ ಉಡುಪು’ ಇತ್ತು ಎಂದು ತಿಳಿಯುವುದು ತಪ್ಪು. ಪೇಟ ಇರುವುದರಿಂದ ಚಿತ್ರ ನಕಲಿಯಾಗುವುದಿಲ್ಲ, ಅದೇ ಪೇಟದಿಂದ ಅವರು ಅರ್ಮೇನಿಯನ್ನರೆಂದು ಸಾಧಿಸಲೂ ಆಗುವುದಿಲ್ಲ. ಪಕ್ಕದ ಬೀದಿಯ ಪರ್ಷಿಯನ್ ವರ್ತಕನೂ ಹಾಗೆಯೇ ಕಾಣುತ್ತಿದ್ದ.

ಇನ್ನು ನಿಮ್ಮ ಮೊದಲ ವ್ಯಾಪಾರಿಯ ಮಾತಿಗೆ ಬರುತ್ತೇನೆ. 17ನೆಯ ಶತಮಾನದ ಇಸ್ಫಹಾನಿನಲ್ಲಿ ಬಟ್ಟೆಯ ಮೇಲೆ ತೈಲವರ್ಣದ ಚಿತ್ರ ಬರೆಯುತ್ತಿದ್ದರೇ? ಬರೆಯುತ್ತಿದ್ದರು, ಮತ್ತು ಅದರಲ್ಲಿ ಹೊಸ ಜುಲ್ಫಾದ ಪಾತ್ರ ದೊಡ್ಡದು. ಮಿನಾಸ್ ಎಂಬ ಅರ್ಮೇನಿಯನ್ ಚಿತ್ರಕಾರ ಅಲೆಪ್ಪೊದಲ್ಲಿ ಯುರೋಪಿನ ಗುರುವಿನಿಂದ ಕಲಿತು ಬಂದು ಜುಲ್ಫಾದ ಖೋಜಾಗಳ ಮನೆಗಳನ್ನು ಚಿತ್ರಗಳಿಂದ ತುಂಬಿದ ಎಂದು ಅವನ ಕಾಲದವನೇ ಆದ ತಬ್ರೀಜಿನ ಅರಾಕೆಲ್ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ಆ ಇತಿಹಾಸ 1669ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಅರ್ಮೇನಿಯನ್ ಭಾಷೆಯಲ್ಲೇ ಅಚ್ಚಾಯಿತು. ಮೂರು ವರ್ಷ ಮೊದಲು, 1666ರಲ್ಲಿ, ಅದೇ ಊರಿನಲ್ಲಿ ಮುದ್ರಣ ಆರಂಭಿಸಿದ ಅರ್ಮೇನಿಯನ್ ಬೈಬಲ್ಲಿನಲ್ಲಿ ಡಚ್ ಕಲಾವಿದನ ಮರದಚ್ಚಿನ ಚಿತ್ರಗಳಿದ್ದವು. ಇಂಥ ಅಚ್ಚಿನ ಚಿತ್ರಗಳು ವರ್ತಕರ ಮೂಟೆಗಳೊಡನೆ ಹೊಸ ಜುಲ್ಫಾಕ್ಕೆ ಬಂದು, ಅಲ್ಲಿಯ ಚಿತ್ರಕಾರರಿಗೆ ಮಾದರಿಯಾದವು. 1655ರಿಂದ 1664ರ ನಡುವೆ ಈಗಿನ ರೂಪ ಪಡೆದ, ಹೊಸ ಜುಲ್ಫಾದ ವಾಂಕ್ ಕ್ಯಾಥೆಡ್ರಲ್ಲಿನ ಒಳಗೋಡೆಗಳಲ್ಲಿ ಮೇಲೆ ಯುರೋಪಿನ ರೀತಿಯ ಬೈಬಲ್ ದೃಶ್ಯಗಳೂ ಕೆಳಗೆ ಪರ್ಷಿಯನ್ ಹೂಬಳ್ಳಿಯ ಹೆಂಚುಗಳೂ ಇವೆ. ಎರಡೂ ಕೈಗಳು ಒಂದೇ ಊರಿನಲ್ಲಿ ಕೆಲಸ ಮಾಡುತ್ತಿದ್ದದ್ದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಜುಲ್ಫಾದಿಂದ ಹೋದ ಬೊಗ್ದಾನ್ ಸಲ್ತಾನೊವ್ ಎಂಬ ಅರ್ಮೇನಿಯನ್ ಚಿತ್ರಕಾರ 1667ರಲ್ಲಿ ಮಾಸ್ಕೊ ಸೇರಿ, ರಷ್ಯಾದ ದೊರೆಯ ಚಿತ್ರಶಾಲೆಯಲ್ಲಿ ನೆಲೆಯೂರಿದ. ಅತ್ತ ಇಸ್ಫಹಾನಿನ ಆಸ್ಥಾನದಲ್ಲಿ 1650ರ ದಶಕದಲ್ಲಿ ಫಿಲಿಪ್ಸ್ ಏಂಜಲ್‌ನಂಥ ಡಚ್ ಚಿತ್ರಕಾರರೂ ಇದ್ದರು. ಆದ್ದರಿಂದ ಮೊದಲ ವ್ಯಾಪಾರಿಯ ಮಾತು ಅಸಂಭವವೇನಲ್ಲ.

ಆದರೆ ಇಲ್ಲೊಂದು ಎಚ್ಚರ ಬೇಕು. ಆ ಕಾಲದ ಇಸ್ಫಹಾನಿನ ತೈಲಚಿತ್ರಗಳಲ್ಲಿ ಇಂದು ಉಳಿದಿರುವವು ಕೆಲವೇ, ಮತ್ತು ಅವುಗಳಿಗೆ ತಮ್ಮದೇ ಆದ ಒಂದು ಚಹರೆಯಿದೆ. ಹೆಚ್ಚಿನವು ಆಳೆತ್ತರದ ಚಿತ್ರಗಳು. ಒಂದು ಬಟ್ಟೆಯಲ್ಲಿ ಒಬ್ಬರೇ ನಿಂತಿರುತ್ತಾರೆ. ಗಂಡು ಹೆಣ್ಣು ಜೋಡಿಯಾಗಿ, ಎರಡು ಬೇರೆ ಬಟ್ಟೆಗಳಲ್ಲಿ, ಗೋಡೆಯ ಗೂಡುಗಳಿಗೆಂದು ಬರೆದಂತಿರುತ್ತವೆ. ಒಂದು ಕಡೆ ಇಳಿಬಿಟ್ಟ ಪರದೆ, ಇನ್ನೊಂದು ಕಡೆ ತೆರೆದ ಬಯಲು, ಪಕ್ಕದಲ್ಲಿ ಹೂಜಿ ಅಥವಾ ಹಣ್ಣಿನ ತಟ್ಟೆ ಇರುತ್ತವೆ. ಅವುಗಳ ಮೇಲೆ ಹೆಸರಿಲ್ಲ. ಕೆಲವನ್ನು ವಿದ್ವಾಂಸರು ಅರ್ಮೇನಿಯನ್ನರೆಂದೂ, ಅವೇ ಕೆಲವನ್ನು ಬೇರೆಯವರು ಜಾರ್ಜಿಯನ್ನರೆಂದೂ ಗುರುತಿಸುವುದುಂಟು; ಎರಡೂ ಗುರುತುಗಳು ನಿಂತಿರುವುದು ಉಡುಪಿನ ಮೇಲೆಯೇ. ಅವು ನಿಜವಾದ ವ್ಯಕ್ತಿಗಳ ಭಾವಚಿತ್ರಗಳೋ, ಅಥವಾ ಯಾವ ನಾಡಿನವರು ಯಾವ ಬಟ್ಟೆ ತೊಡುತ್ತಾರೆಂದು ತೋರಿಸುವ ಮಾದರಿಗಳೋ ಎಂಬುದರ ಮೇಲೆಯೂ ಭಿನ್ನಾಭಿಪ್ರಾಯವಿದೆ. ಮೂವರು ವರ್ತಕರು ಕಾಗದ, ಬಟ್ಟೆ, ತಕ್ಕಡಿಗಳೊಡನೆ ತಮ್ಮ ಕೆಲಸದಲ್ಲಿ ತೊಡಗಿರುವ, ಅಡ್ಡ ಅಗಲದ ನಿಮ್ಮ ಚಿತ್ರ ಈ ಗುಂಪಿಗೆ ಸೇರುವುದಿಲ್ಲ. ಕಸುಬಿನ ಸಾಮಗ್ರಿಯನ್ನು ಕೈಗೆ ಕೊಟ್ಟು ‘ಇವರು ವರ್ತಕರು’ ಎಂದು ಸಾರುವ ಈ ಬಗೆ, ನಾಡುನಾಡಿನ ಜನರನ್ನು ಪರಿಚಯಿಸುವ ಯುರೋಪಿನ ಉಡುಪಿನ ಪುಸ್ತಕಗಳಿಂದ ಹುಟ್ಟಿದ ಚಿತ್ರಗಳಲ್ಲಿ ಹೆಚ್ಚು ಕಾಣುತ್ತದೆ. ನಿಮ್ಮ ವಿವರಣೆಯನ್ನಷ್ಟೇ ಇಟ್ಟುಕೊಂಡು ನನ್ನ ಅಂದಾಜು ಹೇಳುವುದಾದರೆ, ಚಿತ್ರ 17ನೆಯ ಶತಮಾನದ್ದಾಗಿರುವುದಕ್ಕಿಂತ, ಆ ಕಾಲವನ್ನು ನೆನೆದು ಆಮೇಲೆ ಬರೆದದ್ದಾಗಿರುವ ಸಾಧ್ಯತೆ ಹೆಚ್ಚು. ಇದು ಅಂದಾಜು ಮಾತ್ರ; ನಿಮ್ಮ ಮೂಲೆಯ ಅಕ್ಷರಗಳು ಇದನ್ನು ಬುಡಮೇಲು ಮಾಡಬಹುದು.

ಉಡುಪು ಯಾವುದಕ್ಕೂ ಬಾರದು ಎಂದು ಇದರ ಅರ್ಥವಲ್ಲ. ಚಿತ್ರ ಯಾವ ಕಾಲಕ್ಕಿಂತ ಹಳೆಯದಾಗಿರಲಾರದು ಎಂಬ ಮಿತಿಯನ್ನು ಅದು ಹೇಳುತ್ತದೆ. 16ನೆಯ ಶತಮಾನದ ಮೊದಲ ಭಾಗದ ಸಫವಿ ಪೇಟದ ನಡುವೆ ಕೋಲಿನಂತೆ ಮೇಲೆದ್ದ ಕೆಂಪು ಟೊಪ್ಪಿಗೆಯ ತುದಿ ಕಾಣುತ್ತದೆ. ಆ ಶತಮಾನ ಮುಗಿಯುವ ಹೊತ್ತಿಗೆ ಅದು ಮರೆಯಾಯಿತು. 17ನೆಯ ಶತಮಾನದಲ್ಲಿ ಪಟ್ಟೆಪಟ್ಟೆಯ ದೊಡ್ಡ ಪೇಟಗಳು, ತುಪ್ಪಳದ ಅಂಚಿನ ಗಿಡ್ಡ ಮೇಲಂಗಿಗಳು ಬಂದವು. 1800ರ ಆಸುಪಾಸಿನ ಪರ್ಷಿಯಾದ ಚಿತ್ರಗಳಲ್ಲಿ ಕುರಿಮರಿ ಚರ್ಮದ ಎತ್ತರದ ಕಪ್ಪು ಟೊಪ್ಪಿಗೆ ಎದ್ದುಕಾಣುತ್ತದೆ. ನೀವು ಹೇಳುವ ಪೇಟ ಮತ್ತು ತುಪ್ಪಳ 17ನೆಯ ಶತಮಾನದ ಉಡುಪಿಗೆ ಹೊಂದುತ್ತವೆ. ಆದರೆ ಹಳೆಯ ಉಡುಪನ್ನು ಹೊಸ ಚಿತ್ರಕಾರನೂ ಬರೆಯಬಲ್ಲ. 1560ರ ದಶಕದಲ್ಲಿ ಅಚ್ಚಾದ ಫ್ರಾನ್ಸಿನ ನಿಕೊಲಾಯ್‌ ಎಂಬುವನ ಪ್ರವಾಸ ಗ್ರಂಥದಲ್ಲೇ ಅರ್ಮೇನಿಯನ್ ವರ್ತಕನ ಚಿತ್ರವಿದೆ. ಇಸ್ತಾಂಬುಲಿನಲ್ಲಿದ್ದ ಚಿತ್ರಕಾರ ವಾನ್‌ಮೂರ್‌ನ ಚಿತ್ರಗಳನ್ನು ಆಧರಿಸಿ 1714ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದ ನೂರು ಫಲಕಗಳ ಸಂಗ್ರಹವನ್ನು ಯುರೋಪಿನ ತುಂಬ ನಕಲು ಮಾಡಿದರು. ಇಸ್ಫಹಾನಿನಲ್ಲೇ 20ನೆಯ ಶತಮಾನದಲ್ಲಿ ಸಫವಿ ರೀತಿಯನ್ನು ಅನುಸರಿಸಿ ಚಿತ್ರ ಬರೆದು ಪ್ರವಾಸಿಗಳಿಗೆ ಮಾರುವ ಕಾರ್ಯಾಗಾರಗಳು ಬೆಳೆದವು. ಇವರಲ್ಲಿ ಮೋಸದ ಉದ್ದೇಶವಿದ್ದವರು ಕಡಿಮೆ. ಮೋಸ ಹುಟ್ಟುವುದು ಸಾಮಾನ್ಯವಾಗಿ ಕೈಬದಲಾವಣೆಯ ಹಂತದಲ್ಲಿ, ಮಾರುವವನ ಮಾತಿನಲ್ಲಿ. ನಿಮ್ಮ ಚಿತ್ರದಲ್ಲಿ ಒಂದನ್ನು ಗಮನಿಸಿ ನೋಡಿ: ಮೂವರ ಉಡುಪಿನ ಭಾಗಗಳು ಒಂದೇ ಊರಿನವೇ? ಇಸ್ಫಹಾನಿನ ಪೇಟದ ಕೆಳಗೆ ಇಸ್ತಾಂಬುಲಿನ ಕೆಂಪು ಜೋಡು ಇದ್ದರೆ, ಚಿತ್ರಕಾರನ ಮುಂದೆ ಜೀವಂತ ವರ್ತಕರ ಬದಲು ಅಚ್ಚಿನ ಪುಟಗಳಿದ್ದವು ಎಂಬ ಗುಮಾನಿ ಬಲವಾಗುತ್ತದೆ.

ಸೇತುವೆಯ ಬಗ್ಗೆ ಒಂದು ಮಾತು. ಇಸ್ಫಹಾನ್ ನಗರವನ್ನು ಹೊಸ ಜುಲ್ಫಾದ ಕಡೆಗೆ ಜೋಡಿಸುವ, 17ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಮೂವತ್ತಮೂರು ಕಮಾನುಗಳ ಸೇತುವೆ ಇಂದಿಗೂ ನಿಂತಿದೆ. ಅದರ ಕಮಾನುಗಳು ಎರಡು ಅಂತಸ್ತಿನಲ್ಲಿವೆ. ನಿಮ್ಮ ಚಿತ್ರದ ಸೇತುವೆಯಲ್ಲಿ ಎರಡು ಅಂತಸ್ತು ಕಂಡರೆ ಚಿತ್ರಕಾರ ಇಸ್ಫಹಾನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ಎನ್ನಬಹುದು. ಅಲ್ಲಿದ್ದು ನೋಡಿ ಬರೆದನೇ ಎಂಬುದು ಬೇರೆ ಮಾತು.

ಈಗ ಆ ಅಕ್ಷರಗಳ ಸಾಲು. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ ಇದೇ. ಅರ್ಮೇನಿಯನ್ ಲಿಪಿಯನ್ನು 5ನೆಯ ಶತಮಾನದ ಆರಂಭದಲ್ಲಿ ಮೆಸ್ರೋಪ್ ಮಾಷ್ತೊತ್ಸ್ ರೂಪಿಸಿದರು. ಎಡದಿಂದ ಬಲಕ್ಕೆ ಓದುವ ಈ ಲಿಪಿಯಲ್ಲಿ ಕೊಕ್ಕೆಗಳು, ಅರೆಬಳೆಗಳು ಹೆಚ್ಚು, ಆದ್ದರಿಂದ ನಿಮ್ಮ ವಿವರಣೆ ಅದಕ್ಕೆ ಹೊಂದುತ್ತದೆ. ಇಲ್ಲಿ ಅಕ್ಷರಗಳೇ ಅಂಕಿಗಳೂ ಹೌದು. ಅರ್ಮೇನಿಯನ್ನರ ದೊಡ್ಡ ಶಕೆ ಕ್ರಿ.ಶ. 552ರಲ್ಲಿ ಆರಂಭವಾಗುವುದರಿಂದ ಬರೆದ ವರ್ಷಕ್ಕೆ 551 ಸೇರಿಸಬೇಕು. ಉದಾಹರಣೆಗೆ ಸಾವಿರ, ನೂರು, ಹತ್ತು ಎಂಬ ಬೆಲೆಯ ಮೂರು ಅಕ್ಷರಗಳು ಸಾಲಾಗಿದ್ದರೆ ಅದು 1110, ಅಂದರೆ ಕ್ರಿ.ಶ. 1661ರ ಆಸುಪಾಸು. ಜುಲ್ಫಾದ ವರ್ತಕರಿಗೆ ಇನ್ನೊಂದು ಶಕೆಯೂ ಇತ್ತು. ಅಜಾರಿಯಾನ ಹೆಸರಿನ ಆ ಸಣ್ಣ ಶಕೆ 1616ರಿಂದ ಮೊದಲಾಗುತ್ತದೆ. ಅದರಲ್ಲಿ 55 ಎಂದಿದ್ದರೆ 1615 ಸೇರಿಸಿ 1670 ಎಂದು ತಿಳಿಯಬೇಕು. ಅದರ ತಿಂಗಳುಗಳ ಹೆಸರುಗಳೂ ಬೇರೆ: ಶಮ್ಸ್, ಆದಾಮ್, ಶಬಾತ್ ಎಂದು ಮುಂದುವರಿಯುತ್ತವೆ. ಈ ಶಕೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿರದ ಕಾರಣ, ಅದು ನಿಮ್ಮ ಚಿತ್ರದಲ್ಲಿ ಕಂಡರೆ ಬರೆದವನು ಅಥವಾ ಬರೆಸಿದವನು ಜುಲ್ಫಾದ ಬಳಗದವನು ಎಂಬುದಕ್ಕೆ ಯಾವ ಪೇಟವೂ ಕೊಡಲಾರದಷ್ಟು ಗಟ್ಟಿ ಆಧಾರ ಸಿಕ್ಕಂತೆ.

ಅಕ್ಷರಗಳನ್ನೂ ಆಮೇಲೆ ಸೇರಿಸಲು ಸಾಧ್ಯ. ಅದನ್ನು ಪರೀಕ್ಷಿಸುವ ಮೊದಲ ಹೆಜ್ಜೆಯನ್ನು ನೀವೇ ಇಡಬಹುದು. ಒಳ್ಳೆಯ ಭೂತಗನ್ನಡಿಯಲ್ಲಿ, ಬದಿಯಿಂದ ಬೆಳಕು ಹಾಯಿಸಿ, ಚಿತ್ರವನ್ನು ಮುಟ್ಟದೆ ನೋಡಿ. ಬಣ್ಣದ ಬಿರುಕು ಅಕ್ಷರವನ್ನೂ ಸೀಳಿಕೊಂಡು ಹೋಗಿದ್ದರೆ ಅಕ್ಷರ ಬಿರುಕಿಗಿಂತ ಹಳೆಯದು. ಅಕ್ಷರದ ಬಣ್ಣ ಬಿರುಕಿನೊಳಗೆ ಇಳಿದು ತುಂಬಿಕೊಂಡಿದ್ದರೆ ಬಿರುಕು ಬಿಟ್ಟ ಮೇಲೆ ಯಾರೋ ಬರೆದಿದ್ದಾರೆ. ಓದಿಸಲು ಕೋಲ್ಕತ್ತದ ಅರ್ಮೇನಿಯನ್ ಸಮುದಾಯವಿದೆ. ಅಲ್ಲಿ 1821ರಲ್ಲಿ ಆರಂಭವಾದ ಅರ್ಮೇನಿಯನ್ ಕಾಲೇಜು ಇಂದಿಗೂ ನಡೆಯುತ್ತಿದೆ. ಯೆರೆವಾನಿನ ಮಾತೆನಾದರಾನ್ ಹಸ್ತಪ್ರತಿ ಭಂಡಾರದ ವಿದ್ವಾಂಸರಿಗೂ ಛಾಯಾಚಿತ್ರ ಕಳಿಸಬಹುದು. ಜುಲ್ಫಾದ ವರ್ತಕರ ಆಡುನುಡಿಯಲ್ಲಿ ಪರ್ಷಿಯನ್, ತುರ್ಕಿ, ಹಿಂದುಸ್ತಾನಿ ಪದಗಳು ತುಂಬಿರುವುದರಿಂದ ಇಂದಿನ ಅರ್ಮೇನಿಯನ್ ಮಾತ್ರ ಬಲ್ಲವರು ತಡವರಿಸಿದರೆ ನಿರಾಶರಾಗಬೇಡಿ.

ಮದ್ರಾಸಿನ ಹರಾಜಿನಲ್ಲಿ ಸಿಕ್ಕಿತೆಂಬುದಕ್ಕೂ ತೂಕವಿದೆ. ಜುಲ್ಫಾದ ಅರ್ಮೇನಿಯನ್ನರು ಮದ್ರಾಸಿನಲ್ಲಿ ಬೇರೂರಿದ್ದರು. 1726ರಲ್ಲಿ ಅಡ್ಯಾರ್ ನದಿಗೆ ಸೈದಾಪೇಟೆಯ ಬಳಿ ಸೇತುವೆ ಕಟ್ಟಿಸಿದ ಖೋಜಾ ಪೆಟ್ರಸ್ ಉಸ್ಕಾನ್ ಅವರಲ್ಲೊಬ್ಬ. 1772ರ ಅರ್ಮೇನಿಯನ್ ಚರ್ಚು ಅದೇ ಹೆಸರಿನ ಬೀದಿಯಲ್ಲಿ ಇಂದಿಗೂ ಇದೆ. ಜಗತ್ತಿನ ಮೊದಲ ಅರ್ಮೇನಿಯನ್ ನಿಯತಕಾಲಿಕೆ 1794ರಲ್ಲಿ ಹೊರಬಂದದ್ದೂ ಆ ಊರಿನಿಂದಲೇ. ಹಾಗಾಗಿ ಹಳೆಯ ಅರ್ಮೇನಿಯನ್ ಮನೆಯ ಚಿತ್ರವೊಂದು ಮದ್ರಾಸಿನ ಬಂಗಲೆಯಲ್ಲಿ ಉಳಿದಿರುವುದು ನಂಬಲಾಗದ ಸಂಗತಿಯಲ್ಲ. ಆದರೆ ಬ್ರಿಟಿಷ್ ಅಧಿಕಾರಿಗಳೂ ಇಂಥ ಪೂರ್ವದೇಶದ ದೃಶ್ಯಗಳನ್ನು ಕೊಂಡು ಗೋಡೆಗೆ ತೂಗುಹಾಕುತ್ತಿದ್ದರು. ಇದನ್ನು ತೀರ್ಮಾನಿಸಲು ಆ ಹರಿದ ಚೀಟಿ ಮತ್ತು ಸೀಮೆಸುಣ್ಣದ ಸಂಖ್ಯೆ ಬೇಕು. ಅಂಗಡಿಯ ಹೆಸರಿನ ಒಂದು ತುಣುಕು, ಹರಾಜಿನ ಕ್ರಮಸಂಖ್ಯೆ, ಅಜ್ಜನ ಕಾಗದಗಳಲ್ಲಿ ಉಳಿದಿರಬಹುದಾದ ರಸೀದಿ, ಇವು ಮೂರೂ ಸೇರಿದರೆ ಚಿತ್ರದ ಹಾದಿಯನ್ನು ಹಿಂದಕ್ಕೆ ಹಿಡಿಯಬಹುದು. ಚೌಕಟ್ಟಿನವರು ಹಿಂದೆ ಬಟ್ಟೆ ಅಂಟಿಸಿದರೆ ಇದೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಚ್ಚಿಹೋಗುತ್ತದೆ.

ವಯಸ್ಸನ್ನು ತಿಳಿಯಲು ಕಾರ್ಬನ್ ಪರೀಕ್ಷೆ ಮಾಡಿಸಿದರಾಯಿತು ಎಂದು ಬಹಳ ಜನ ನಂಬುತ್ತಾರೆ. ಸುಮಾರು 1650ರಿಂದ ಈಚಿನ ಮೂರು ಶತಮಾನಗಳ ವಸ್ತುಗಳಿಗೆ ಆ ಪರೀಕ್ಷೆ ಒಂದಕ್ಕಿಂತ ಹೆಚ್ಚು ಕಾಲಘಟ್ಟಗಳನ್ನು ಹೇಳಿ ಕೈಬಿಡುತ್ತದೆ. ಬಟ್ಟೆ 1950ರ ದಶಕದ ಅಣುಪರೀಕ್ಷೆಗಳ ನಂತರದ್ದಾದರೆ ಮಾತ್ರ ಅದು ಖಚಿತವಾಗಿ ಹೇಳಬಲ್ಲದು. ಬಣ್ಣಗಳ ಪರೀಕ್ಷೆ ಇದಕ್ಕಿಂತ ಹೆಚ್ಚು ಪ್ರಯೋಜನಕಾರಿ. 17ನೆಯ ಶತಮಾನದಲ್ಲಿ ತೈಲಚಿತ್ರದ ಬಿಳಿ ಎಂದರೆ ಸೀಸದ ಬಿಳಿಯೇ. ಸತುವಿನ ಬಿಳಿ ತೈಲವರ್ಣದಲ್ಲಿ ಬಳಕೆಗೆ ಬಂದದ್ದು 19ನೆಯ ಶತಮಾನದ ನಡುಭಾಗದಲ್ಲಿ; ಟೈಟಾನಿಯಂ ಬಿಳಿ ಬಂದದ್ದು ಮೊದಲನೆಯ ಮಹಾಯುದ್ಧದ ಆಸುಪಾಸಿನಲ್ಲಿ. ಪ್ರಷ್ಯನ್ ನೀಲಿ ಬರ್ಲಿನ್ನಿನಲ್ಲಿ ಕಂಡುಬಂದದ್ದೇ 1704–06ರ ಸುಮಾರಿಗೆ. ಚಿತ್ರವನ್ನು ಮುಟ್ಟದೆ, ಕೈಯಲ್ಲಿ ಹಿಡಿಯುವ ಎಕ್ಸ್-ಕಿರಣದ ಉಪಕರಣದಿಂದ ಸೀಸ, ಸತು, ಟೈಟಾನಿಯಂಗಳನ್ನು ಗುರುತಿಸಬಹುದು. ಒಂದು ಜಾಗದಲ್ಲಿ ಹೊಸ ಬಿಳಿ ಕಂಡ ಮಾತ್ರಕ್ಕೆ ಇಡೀ ಚಿತ್ರ ಹೊಸದೆಂದು ತೀರ್ಮಾನಿಸಬಾರದು, ಅದು ಹಳೆಯ ಚಿತ್ರದ ಮೇಲಿನ ತೇಪೆಯಾಗಿರಬಹುದು. ಅದಕ್ಕಾಗಿ ಮೊದಲು ನೇರಳಾತೀತ ಬೆಳಕಿನಲ್ಲಿ ನೋಡಿ, ಆಮೇಲಿನ ತೇಪೆಗಳು ಕಪ್ಪು ಮಚ್ಚೆಗಳಾಗಿ ಕಾಣುವ ಜಾಗಗಳನ್ನು ಬಿಟ್ಟು ಪರೀಕ್ಷಿಸುತ್ತಾರೆ. ಬಿರುಕುಗಳಿದ್ದರೆ ಚಿತ್ರ ಹಳೆಯದು ಎಂಬ ನಂಬಿಕೆಯೂ ಸರಿಯಲ್ಲ. ಬಟ್ಟೆಯನ್ನು ಸುತ್ತಿ ಬಿಚ್ಚಿದರೆ, ಬಿಸಿಗೆ ಹಿಡಿದರೆ, ಹೊಸ ಚಿತ್ರವೂ ಬಿರುಕು ಬಿಡುತ್ತದೆ.

ಬಣ್ಣ ಕಂದಿರುವುದಕ್ಕೆ ಕಾರಣ ಬಹುತೇಕ ಮೇಲಿನ ವಾರ್ನಿಷ್. ಮರದ ಅಂಟಿನಿಂದ ಮಾಡಿದ ಹಳೆಯ ವಾರ್ನಿಷ್ ಗಾಳಿ ಬೆಳಕಿಗೆ ವರ್ಷಗಳು ಕಳೆದಂತೆ ಹಳದಿಯಾಗಿ, ಕಂದಾಗುತ್ತದೆ. ಅದರ ಮೇಲೆ ದೀಪ, ಊದುಬತ್ತಿ, ಬೀದಿಯ ಹೊಗೆಯ ಮಸಿ ಕೂರುತ್ತದೆ. ಚಕ್ಕೆ ಏಳುವುದಕ್ಕೆ ಕಾರಣ ಬೇರೆ. ಬಟ್ಟೆಗೆ ಮೊದಲು ಬಳಿದ ಪ್ರಾಣಿಜನ್ಯ ಅಂಟು ಚೆನ್ನೈನ ತೇವಕ್ಕೆ ಹಿಗ್ಗುತ್ತದೆ, ಏರ್‌ಕಂಡೀಷನರ್ ಹಾಕಿದಾಗ ಕುಗ್ಗುತ್ತದೆ. ಗಡುಸಾದ ಬಣ್ಣದ ಪದರ ಅದರೊಡನೆ ಹಿಗ್ಗಲಾರದೆ ಹಪ್ಪಳದಂತೆ ಸೆಟೆದು ಏಳುತ್ತದೆ. ಇಂಥ ಸ್ಥಿತಿಯಲ್ಲಿ ಆಲೂಗಡ್ಡೆ ಉಜ್ಜಿದರೆ ನೀರು ಬಿರುಕಿನೊಳಗೆ ಇಳಿದು ಅಂಟನ್ನು ಕರಗಿಸುತ್ತದೆ, ಉಳಿದ ಪಿಷ್ಟ ಬೂಷ್ಟಿಗೂ ಹುಳಕ್ಕೂ ಆಹಾರವಾಗುತ್ತದೆ. ಉಜ್ಜಿದಾಗ ಚಿತ್ರ ಒಂದು ಕ್ಷಣ ಹೊಳೆಯುವುದು ತೇವದಿಂದ, ಸ್ವಚ್ಛತೆಯಿಂದಲ್ಲ. ಈರುಳ್ಳಿ, ಬ್ರೆಡ್ಡು, ಸೋಪಿನ ನೀರಿಗೂ ಇದೇ ಮಾತು. ಎದ್ದ ಚಕ್ಕೆಗಳು ಉಜ್ಜುವ ಕೈಗೆ ಅಂಟಿ ಉದುರಿಹೋದರೆ ಮರಳಿ ತರುವ ದಾರಿಯಿಲ್ಲ.

ಹಿಂದೆ ಹೊಸ ಬಟ್ಟೆ ಅಂಟಿಸುವ ಪದ್ಧತಿ ಒಂದು ಕಾಲದಲ್ಲಿ ಎಲ್ಲೆಡೆ ಇತ್ತು. ಬಿಸಿ ಮೇಣ ಮತ್ತು ರಾಳವನ್ನು ಬಟ್ಟೆಯೊಳಗೆ ಇಳಿಸಿ, ಇಸ್ತ್ರಿಯಿಂದ ಒತ್ತಿ ಅಂಟಿಸುತ್ತಿದ್ದರು. ಅದರಿಂದ ಬಣ್ಣ ಕಪ್ಪಾಗುವುದು, ಕುಂಚದ ಉಬ್ಬು ಚಪ್ಪಟೆಯಾಗುವುದು ಕಂಡುಬಂದು, 1974ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ ನಡೆದ ಸಂರಕ್ಷಕರ ಸಮ್ಮೇಳನದ ನಂತರ ಜಗತ್ತಿನಾದ್ಯಂತ ಈ ಪದ್ಧತಿಯನ್ನು ಅನಿವಾರ್ಯವಾದಾಗ ಮಾತ್ರ ಎಂಬಲ್ಲಿಗೆ ತಂದರು. ಬಟ್ಟೆ ಹರಿದು ಜೋಲುತ್ತಿದ್ದರೆ ಅದು ಬೇಕಾಗಬಹುದು. ನೀವು ಹಾಗೇನೂ ಬರೆದಿಲ್ಲ.

ನಿಮ್ಮ ಮುಂದಿರುವ ದಾರಿಗಳಲ್ಲಿ ಅತ್ಯಂತ ಸುಲಭವಾದದ್ದು ಚಿತ್ರವನ್ನು ಹಾಗೆಯೇ ಇಟ್ಟು ಜಾಗ ಬದಲಿಸುವುದು. ಹೊರಗೋಡೆಯಿಂದ ಒಳಗೋಡೆಗೆ ತನ್ನಿ. ಗೋಡೆಗೂ ಚೌಕಟ್ಟಿಗೂ ನಡುವೆ ಒಂದಂಗುಲ ಗಾಳಿಯಾಡುವಂತೆ ಕಾರ್ಕಿನ ಬಿಲ್ಲೆಗಳನ್ನಿಡಿ. ಏರ್‌ಕಂಡೀಷನರಿನ ಗಾಳಿ, ಬಿಸಿಲು, ದೇವರಮನೆಯ ಹೊಗೆ ತಾಗದಿರಲಿ. ಇದರ ಅಪಾಯವೆಂದರೆ ಎದ್ದಿರುವ ಚಕ್ಕೆಗಳು ಕಾಯುವುದಿಲ್ಲ. ಆರು ತಿಂಗಳು ಹಾಗೆಯೇ ಬಿಟ್ಟರೆ ಕೆಲವು ಉದುರಬಹುದು. ಆದ್ದರಿಂದ ನಾನು ಹೇಳುವುದು, ಜಾಗ ಬದಲಿಸಿದ ಕೂಡಲೇ ತರಬೇತಿ ಪಡೆದ ಸಂರಕ್ಷಕರಿಂದ ಪರಿಶೀಲನೆ ಮತ್ತು ಚಕ್ಕೆಗಳನ್ನು ಮಾತ್ರ ಕೂರಿಸುವ ಕೆಲಸ ಮಾಡಿಸಿ. ಲಖನೌದಲ್ಲಿರುವ ಸಾಂಸ್ಕೃತಿಕ ಸ್ವತ್ತುಗಳ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯಕ್ಕೆ ಮೈಸೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ; ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಅವರಿಗೆ ಪತ್ರ ಬರೆದು ಮಾರ್ಗದರ್ಶನ ಕೇಳಿ. ವಾರ್ನಿಷ್ ತೆಗೆಸುವುದು ಮೂರನೆಯ ಹಂತ, ಪರೀಕ್ಷೆಯ ವರದಿ ಕೈಗೆ ಬಂದ ಮೇಲಿನದು. ಅದರಿಂದ ರೇಷ್ಮೆಯ ನಿಜವಾದ ಬಣ್ಣ ಹೊರಬರಬಹುದು. ಆದರೆ ಅಕ್ಷರಗಳು ವಾರ್ನಿಷಿನ ಮೇಲೆ ಬರೆದವಾಗಿದ್ದರೆ ದ್ರಾವಕದೊಡನೆ ಅವೂ ಹೋಗುತ್ತವೆ, ತೆಳುವಾದ ಕಂದು ಬಣ್ಣಗಳು ಕರಗುವ ಅಪಾಯವೂ ಇದೆ. ಮೂಲೆಯಲ್ಲಿ ಬೆರಳುಗುರಿನಷ್ಟು ಜಾಗದಲ್ಲಿ ಪ್ರಯೋಗ ಮಾಡಿ ತೋರಿಸದೆ ಇಡೀ ಚಿತ್ರಕ್ಕೆ ಕೈಹಾಕುವವರಿಗೆ ಕೆಲಸ ಕೊಡಬೇಡಿ.

ಮಾರುವ ಯೋಚನೆಯಿದ್ದರೆ ಕಾನೂನನ್ನೂ ನೆನಪಿಡಿ. ನೂರು ವರ್ಷ ದಾಟಿದ ವರ್ಣಚಿತ್ರ ನಮ್ಮಲ್ಲಿ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಚಿತ್ರಗಳು ನೋಂದಣಿ ಮಾಡಿಸಬೇಕಾದ ವಸ್ತುಗಳ ಪಟ್ಟಿಯಲ್ಲಿವೆ, ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಚಿತ್ರ ಬರೆದದ್ದು ಪರದೇಶದಲ್ಲಾದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ. ಆದ್ದರಿಂದ ವಿದೇಶದ ಹರಾಜಿನ ಬೆಲೆಯನ್ನು ತೋರಿಸಿ ಕೋಟಿ ಎನ್ನುವವರ ಮಾತು ನಿಮಗೆ ಅನ್ವಯಿಸುವುದಿಲ್ಲ. ಬೆಲೆ ಹೇಳಿದ ವ್ಯಾಪಾರಿಗೆ, ಚಿತ್ರ ಯಾವ ಕಾಲದ್ದು ಮತ್ತು ಯಾವ ಆಧಾರದಿಂದ ಹಾಗೆ ಹೇಳುತ್ತೀರಿ ಎಂದು ಬರೆದು ಕೊಡಲು ಕೇಳಿ. ಬರೆದು ಕೊಡಲು ಹಿಂಜರಿದರೆ ಆ ಬೆಲೆಯನ್ನು ಮರೆತುಬಿಡಿ. ಪರೀಕ್ಷೆಯಲ್ಲಿ ಚಿತ್ರ 19ನೆಯ ಶತಮಾನದ್ದೆಂದು ತಿಳಿದರೂ ಅದನ್ನು ಕೀಳಾಗಿ ಕಾಣಬೇಕಿಲ್ಲ. ಮದ್ರಾಸಿನ ಯಾವುದೋ ಅರ್ಮೇನಿಯನ್ ಮನೆಯವರು ತಮ್ಮ ಪೂರ್ವಿಕರನ್ನು ನೆನೆದು ಬರೆಸಿದ್ದೆಂದು ಅಕ್ಷರಗಳಿಂದ ತಿಳಿದರೆ, ಹೆಸರಿಲ್ಲದ ಹಳೆಯ ಚಿತ್ರಕ್ಕಿಂತ ಅದು ಇತಿಹಾಸಕ್ಕೆ ಹೆಚ್ಚು ಬೇಕಾದದ್ದು.

ಈ ವಾರ ನೀವು ಮಾಡಬೇಕಾದದ್ದು ಇಷ್ಟು. ಚಿತ್ರವನ್ನು ಇಬ್ಬರು ಹಿಡಿದು ಇಳಿಸಿ, ಮುಖ ಮೇಲಾಗಿ ಮೇಜಿನ ಮೇಲೆ ಮಲಗಿಸಿ. ಚಕ್ಕೆ ಎದ್ದಿರುವುದರಿಂದ ಬೋರಲು ಹಾಕಬೇಡಿ, ಚೌಕಟ್ಟಿನಿಂದ ಬಿಚ್ಚಿ ಸುತ್ತಬೇಡಿ. ಫ್ಲ್ಯಾಶ್ ಇಲ್ಲದೆ ಹಗಲಿನ ಬೆಳಕಿನಲ್ಲಿ ಇಡೀ ಚಿತ್ರ, ಮೂವರ ಪೇಟ ಮತ್ತು ಪಾದಗಳು, ಸೇತುವೆ, ಅಕ್ಷರಗಳ ಸಾಲು, ಇವುಗಳ ಛಾಯಾಚಿತ್ರ ತೆಗೆಯಿರಿ. ಅಕ್ಷರಗಳ ಪಕ್ಕದಲ್ಲಿ, ಬಣ್ಣಕ್ಕೆ ತಾಗದಂತೆ, ಅಳತೆಪಟ್ಟಿ ಹಿಡಿದಿರಲಿ. ಹಿಂಬದಿಯ ಚೀಟಿ, ಸಂಖ್ಯೆ ಮತ್ತು ಮೊಳೆಗಳ ಚಿತ್ರಗಳನ್ನು ಚೌಕಟ್ಟನ್ನು ನೆಟ್ಟಗೆ ನಿಲ್ಲಿಸಿಕೊಂಡೇ ತೆಗೆಯಿರಿ. ಉದುರಿದ ಚಕ್ಕೆ ಸಿಕ್ಕರೆ ಎಸೆಯದೆ, ಯಾವ ಜಾಗದಿಂದ ಬಿದ್ದದ್ದೆಂದು ಬರೆದ ಕಾಗದದ ಲಕೋಟೆಯಲ್ಲಿ ಇಟ್ಟುಕೊಳ್ಳಿ. ಅಕ್ಷರಗಳ ಚಿತ್ರವನ್ನು ನನಗೂ ಕಳಿಸಿ.